ಬಿಚ್ಚಿದ್ದನ್ನು ಕೂಡಿಸುವ ವಿದ್ಯೆ

ಇಂಗ್ಲಿಷಿನಿಂದ ಬಂದು ನಮ್ಮ ಆಡುಮಾತಿನಲ್ಲಿ ನೆಲೆಯೂರಿದ ಪದಗಳಲ್ಲಿ ‘ಕ್ಲಚ್ಚು’ ಎಂಬುದೂ ಒಂದು. ಗಾಡಿ ಓಡಿಸುವವರೆಲ್ಲ ದಿನಕ್ಕೆ ನೂರು ಬಾರಿ ಅದನ್ನು ಒತ್ತುತ್ತಾರೆ, ಬಿಡುತ್ತಾರೆ. ಅದು ಎಲ್ಲಿದೆ, ಏನು ಮಾಡುತ್ತದೆ ಎಂದು ಕೇಳಿದರೆ ಮಾತ್ರ ಬಹುಮಂದಿ ತಡವರಿಸುತ್ತಾರೆ. ಮೂಲಭಾಷೆಯಲ್ಲಿ ಆ ಪದಕ್ಕೆ ಬಿಗಿಯಾಗಿ ಹಿಡಿದುಕೊಳ್ಳುವುದು ಎಂದು ಅರ್ಥ. ‘ಕ್ಲಚ್ಚು ಹಿಡಿ’ ಎಂದು ನಾವು ಹೇಳಿದಾಗ ಸವಾರನ ಕೈ ಹಿಡಿಕೆಯನ್ನು ಹಿಡಿಯುತ್ತದೆ. ಯಂತ್ರದ ಒಳಗೆ ಅದೇ ಗಳಿಗೆಯಲ್ಲಿ ಹಿಡಿತವೊಂದು ಸಡಿಲುತ್ತದೆ. ಹಿಡಿದುಕೊಂಡಿರುವುದು ಕ್ಲಚ್ಚಿನ ಸ್ವಭಾವ, ಬಿಡಿಸುವುದು ಮನುಷ್ಯನ ಕೆಲಸ. ಈ ವಿಪರ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಇಂದು ನಾನು ಹೇಳಬೇಕೆಂದಿರುವ ವಿಷಯದ ಅರ್ಧಭಾಗ ತಿಳಿದಂತೆಯೇ ಸರಿ.

ವಿಷಯ ಇಷ್ಟು: ಮೋಟಾರು ಸೈಕಲ್ಲಿನ ಒಣ ಕ್ಲಚ್ಚನ್ನು ಬಿಚ್ಚಿ, ಮನೆಯಂಗಳದಲ್ಲಿಯೇ ಮರಳಿ ಕೂಡಿಸುವ ಬಗೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ವ್ಯಾಕರಣದ ಮೇಷ್ಟರ ಕಸುಬೆಲ್ಲ ಬಿಡಿಸುವುದು ಮತ್ತು ಕೂಡಿಸುವುದೇ ಅಲ್ಲವೇ? ‘ಹಾಲುಬಟ್ಟಲು’ ಎಂಬ ಸಮಾಸವನ್ನು ಬಿಡಿಸಿದರೆ ಹಾಲು ಮತ್ತು ಬಟ್ಟಲು ಎಂಬ ಎರಡು ಪದಗಳು ಕೈಗೆ ಬರುತ್ತವೆ. ಅವನ್ನೇ ಹಿಂದುಮುಂದಾಗಿ ಕೂಡಿಸಿದರೆ ‘ಬಟ್ಟಲುಹಾಲು’ ಆಗುತ್ತದೆ. ಒಂದು ಪಾತ್ರೆಯ ಹೆಸರು, ಇನ್ನೊಂದು ಕುಡಿಯುವ ವಸ್ತು. ಘಟಕಗಳು ಅವೇ, ಅರ್ಥ ಬೇರೆ. ಯಂತ್ರದಲ್ಲಿಯೂ ಹಾಗೆಯೇ. ಬಿಚ್ಚುವುದಕ್ಕೆ ಒಂದು ಪಾನಾ ಸಾಕು. ಕೂಡಿಸುವುದಕ್ಕೆ ಅನ್ವಯ ತಿಳಿದಿರಬೇಕು.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಇಟ್ಟುಕೊಂಡಿರುವ ಡುಕಾಟಿ ಮಾನ್‌ಸ್ಟರ್ ೧೧೦೦ ಎಂಬ ಇಟಲಿಯ ವಾಹನಕ್ಕೆ ಒದಗಿದ ಆಪತ್ತು ನನ್ನನ್ನು ಈ ವಿಷಯಕ್ಕೆ ಎಳೆಯಿತು. ಒಂದು ದುರಸ್ತಿ ಅಂಗಡಿಯವರು, ಹೆಸರು ಬೇಡ, ಅದರ ಒಣ ಕ್ಲಚ್ಚಿಗೆ ಹೊಸ ಪ್ಲೇಟುಗಳನ್ನು ಹಾಕುವಾಗ, ಬುಲೆಟ್ಟಿಗೆ ಮಾಡುವ ರೂಢಿಯಂತೆ, ಅವುಗಳನ್ನು ಎಣ್ಣೆಯಲ್ಲಿ ನೆನೆಹಾಕಿ ಕೂಡಿಸಿದ್ದರು. ಮರುದಿನ ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟಿಕೊಂಡು ಹೋಗಲು ಹುಡುಗ ವೇಗ ಹೆಚ್ಚಿಸಿದಾಗ ಎಂಜಿನ್ನು ಗರ್ಜಿಸಿತು, ಗಾಡಿ ಮುಂದಕ್ಕೆ ಹೋಗಲಿಲ್ಲ. ಎದುರಿನಿಂದ ಬಸ್ಸು ಬರುತ್ತಿತ್ತು. ಅವನು ಬ್ರೇಕು ಹಾಕಿ ಲಾರಿಯ ಹಿಂದಕ್ಕೆ ಸರಿದು ಬದುಕಿಕೊಂಡ. ಅನಂತರದ ಎರಡು ಭಾನುವಾರಗಳಲ್ಲಿ ಅವನು ಬಿಚ್ಚಿ ಕೂಡಿಸಿದ. ನಾನು ಪಕ್ಕದಲ್ಲಿ ಕುಳಿತು ಕೈಪಿಡಿಯನ್ನು ಓದಿ ಅರ್ಥ ಹೇಳಿದೆ. ಒಂದು ಚಮಚ ಎಣ್ಣೆ ಸೇರಬಾರದ ಕಡೆ ಸೇರಿದುದರಿಂದ ಒಂದು ಜೀವ ಹೋಗಬಹುದಾಗಿತ್ತು ಎಂಬುದನ್ನು ನಾನು ಮರೆಯುವಂತಿಲ್ಲ.

ಎಣ್ಣೆ ಅಷ್ಟು ಕೆಡಿಸುವುದೇಕೆ ಎಂಬುದನ್ನು ಮೊದಲು ನೋಡೋಣ. ಎಂಜಿನ್ನು ಸದಾ ತಿರುಗುತ್ತಿರುತ್ತದೆ. ಗಾಡಿಯ ಚಕ್ರ ಒಮ್ಮೆ ನಿಲ್ಲಬೇಕು, ಒಮ್ಮೆ ಹೊರಡಬೇಕು. ಇವೆರಡರ ನಡುವೆ ಬೇಕೆಂದಾಗ ಸೇರುವ, ಬೇಡವೆಂದಾಗ ಬೇರೆಯಾಗುವ ಕೊಂಡಿಯೊಂದು ಬೇಕು. ಹಲ್ಲುಗಳಿಂದ ಸೇರಿಸಿದರೆ ಗಾಡಿ ನೆಗೆಯುತ್ತದೆ. ಆದುದರಿಂದ ಚಪ್ಪಟೆಯಾದ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ, ಅವುಗಳ ನಡುವಣ ಘರ್ಷಣೆಯಿಂದಲೇ ಶಕ್ತಿಯನ್ನು ದಾಟಿಸುವ ಉಪಾಯವನ್ನು ಯಂತ್ರಶಿಲ್ಪಿಗಳು ಕಂಡುಕೊಂಡರು. ಘರ್ಷಣೆಯ ನಿಯಮಗಳನ್ನು ೧೬೯೯ರಲ್ಲಿ ಫ್ರಾನ್ಸಿನ ಅಮೋಂತೋ ನಿರೂಪಿಸಿದನು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕೂಲಂಬನು ಅವನ್ನು ಇನ್ನಷ್ಟು ಪರೀಕ್ಷಿಸಿ ಬೆಳೆಸಿದನು. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ ಎಂಬುದು ಒಂದು ನಿಯಮ. ತಾಗುವ ಮೈ ಅಗಲವಾದ ಮಾತ್ರಕ್ಕೆ ಘರ್ಷಣೆ ಹೆಚ್ಚುವುದಿಲ್ಲ ಎಂಬುದು ಇನ್ನೊಂದು.

ಹಾಗಾದರೆ ಕ್ಲಚ್ಚಿನಲ್ಲಿ ಅಷ್ಟೊಂದು ಬಿಲ್ಲೆಗಳೇಕೆ? ಇದಕ್ಕೆ ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ನೀವು ನಾಲ್ಕು ಹಾಳೆಗಳ ಅಂಚನ್ನು ಹಿಡಿಯಿರಿ, ಎದುರಿನವರು ನಾಲ್ಕು ಹಾಳೆಗಳ ಅಂಚನ್ನು ಹಿಡಿಯಲಿ. ನಿಮ್ಮದೊಂದು, ಅವರದೊಂದು ಎಂಬಂತೆ ಅವುಗಳ ಇನ್ನೊಂದು ಅಂಚನ್ನು ಒಂದರ ಮೇಲೊಂದು ಹೊಂದಿಸಿ, ಅದರ ಮೇಲೆ ಬಟ್ಟೆ ಒಣಗಹಾಕುವ ಕ್ಲಿಪ್ಪೊಂದನ್ನು ಸಿಕ್ಕಿಸಿ. ಈಗ ಎಳೆದು ನೋಡಿದರೆ, ಒಂದೊಂದೇ ಹಾಳೆಯಿದ್ದಾಗ ಜಾರಿದಂತೆ ಅವು ಜಾರುವುದಿಲ್ಲ. ಕ್ಲಿಪ್ಪು ಒಂದೇ, ಅದರ ಒತ್ತಡವೂ ಒಂದೇ. ಆದರೆ ಆ ಒತ್ತಡ ಪ್ರತಿಯೊಂದು ಜೋಡಿ ಮುಖದ ಮೇಲೂ ಪೂರ್ತಿಯಾಗಿ ಬೀಳುತ್ತದೆ. ಎಂಟು ಘರ್ಷಣ ಬಿಲ್ಲೆಗಳಿದ್ದರೆ ಹದಿನಾರು ಮುಖಗಳು. ಹಿಡಿತ ಹದಿನಾರು ಪಟ್ಟು. ಕ್ಲಿಪ್ಪಿನ ಸ್ಥಾನದಲ್ಲಿ ಕ್ಲಚ್ಚಿಗೆ ಸ್ಪ್ರಿಂಗುಗಳಿವೆ. ಹಾಳೆಗಳಿಗೆ ಎಣ್ಣೆ ಸವರಿ ಈ ಪ್ರಯೋಗವನ್ನು ಮಾಡಿದರೆ ಏನಾಗುವುದೆಂದು ನಾನು ಹೇಳಬೇಕಾಗಿಲ್ಲ.

ಎಣ್ಣೆಯಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್ಚುಗಳೂ ಇವೆ. ಲೋಕದಲ್ಲಿ ಹೆಚ್ಚಿನವು ಅವೇ. ೧೯೬೦ರ ದಶಕದ ಆರಂಭದಿಂದ ೧೯೯೬ರವರೆಗೆ ನಮ್ಮ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳದು ಎಣ್ಣೆಯ ಕ್ಲಚ್ಚು. ಆ ಗಾಡಿಯಲ್ಲಿ ಒದೆಯುವ ಸನ್ನೆಯೇ ಮಡಚಿಕೊಂಡು ಗೇರು ಬದಲಿಸುವ ಸನ್ನೆಯಾಗುತ್ತಿತ್ತು. ಅದನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು. ಎಣ್ಣೆಯ ಕ್ಲಚ್ಚು ತಂಪಾಗಿರುತ್ತದೆ, ಸದ್ದು ಮಾಡುವುದಿಲ್ಲ, ನಯವಾಗಿ ಹಿಡಿಯುತ್ತದೆ, ಬಹುಕಾಲ ಬಾಳುತ್ತದೆ. ಆದರೆ ಎಣ್ಣೆಯಲ್ಲಿ ಘರ್ಷಣೆಯ ಗುಣಾಂಕ ಸುಮಾರು ೦.೧ರಿಂದ ೦.೧೫ರಷ್ಟಿದ್ದರೆ, ಒಣಗಿದ್ದಾಗ ಅದು ೦.೩ರಿಂದ ೦.೪ರವರೆಗೆ ಇರುತ್ತದೆ. ಎಣ್ಣೆಯ ಕ್ಲಚ್ಚನ್ನು ರೂಪಿಸುವವರು ಈ ಕೊರತೆಯನ್ನು ಲೆಕ್ಕ ಹಾಕಿಯೇ ಬಿಲ್ಲೆಗಳನ್ನೂ ಸ್ಪ್ರಿಂಗುಗಳನ್ನೂ ಇಡುತ್ತಾರೆ. ಒಣ ಕ್ಲಚ್ಚಿಗೆ ಆ ಲೆಕ್ಕವಿಲ್ಲ; ಎಣ್ಣೆ ಸೋಕಿದರೆ ಅದರ ಹಿಡಿತ ಅರ್ಧಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ.

ಒಣ ಕ್ಲಚ್ಚಿನ ಎರಡು ಸಂಪ್ರದಾಯಗಳು ಪ್ರಸಿದ್ಧವಾಗಿವೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಮತ್ತು ಇಟಲಿಯ ಮೋಟೋ ಗುಟ್ಸಿ ಗಾಡಿಗಳಲ್ಲಿ ಬಹುಕಾಲ ನಡೆದುಬಂದದ್ದು ಕಾರಿನ ಬಗೆಯ ಕ್ಲಚ್ಚು. ಅಗಲವಾದ ಒಂದೆರಡು ಬಿಲ್ಲೆಗಳು ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ನಡುವೆ ಅಡಗಿರುತ್ತವೆ. ಅದನ್ನು ಕಾಣಬೇಕಾದರೆ ಗೇರು ಪೆಟ್ಟಿಗೆಯನ್ನೇ ಕಳಚಬೇಕು. ಇಟಲಿಯ ಬೊಲೋನ್ಯ ನಗರದ ಡುಕಾಟಿಯದು ಇನ್ನೊಂದು ಬಗೆ. ಅನೇಕ ಬಿಲ್ಲೆಗಳ ಕ್ಲಚ್ಚು ಎಂಜಿನ್ನಿನ ಬಲಮಗ್ಗುಲಲ್ಲಿ, ಒಂದು ಮುಚ್ಚಳದ ಹಿಂದೆಯೇ ಇರುತ್ತದೆ. ಪಂದ್ಯಗಳಲ್ಲಿ ಬೇಗನೆ ಬಿಚ್ಚಿ ಹಾಕಲು ಇದು ಅನುಕೂಲ. ಬಿಲ್ಲೆಯ ಪುಡಿ ಎಂಜಿನ್ನಿನ ಎಣ್ಣೆಯನ್ನು ಸೇರುವುದಿಲ್ಲ, ಬಿಲ್ಲೆಗಳು ಎಣ್ಣೆಯನ್ನು ಕಡೆಯುತ್ತ ಶಕ್ತಿಯನ್ನು ವ್ಯರ್ಥ ಮಾಡುವುದೂ ಇಲ್ಲ. ಮನೆಯಲ್ಲಿ ಕೂಡಿಸುವವರಿಗೂ ಈ ಬಗೆಯೇ ಸುಲಭ. ಈ ಡುಕಾಟಿ ಸಂಸ್ಥೆ ೧೯೨೬ರಲ್ಲಿ ಹುಟ್ಟಿದ್ದು ಮೋಟಾರು ಸೈಕಲ್ಲಿಗಾಗಿ ಅಲ್ಲ, ರೇಡಿಯೋ ಬಿಡಿಭಾಗಗಳ ತಯಾರಿಕೆಗಾಗಿ ಎಂಬುದನ್ನು ಬಾನುಲಿಯ ಕೇಳುಗರು ಕುತೂಹಲದಿಂದ ಗಮನಿಸಬಹುದು. ಅವರ ಈಚಿನ ಹೆಚ್ಚಿನ ಗಾಡಿಗಳಿಗೆ ಎಣ್ಣೆಯ ಕ್ಲಚ್ಚೇ ಬಂದಿದೆ. ಆದರೂ ೨೦೧೯ರ ಪಾನಿಗಾಲೆ ವಿ೪ ಆರ್ ಎಂಬ ಪಂದ್ಯದ ಮಾದರಿಗೆ ಒಣ ಕ್ಲಚ್ಚನ್ನೇ ಮತ್ತೆ ಕೊಟ್ಟರು.

ಇನ್ನು ಕೆಲಸಕ್ಕೆ ಬರೋಣ. ಕ್ಲಚ್ಚಿನ ಅಂಗಗಳು ಹೆಚ್ಚೇನಿಲ್ಲ. ಹೊರಗೆ ಬುಟ್ಟಿಯಂಥ ಒಂದು ಪಾತ್ರೆ. ಅದು ಎಂಜಿನ್ನಿನೊಡನೆ ತಿರುಗುತ್ತದೆ. ನಡುವೆ, ಎತ್ತಿನ ಗಾಡಿಯ ಚಕ್ರಕ್ಕೆ ಗುಂಬವಿರುವಂತೆ, ಒಂದು ಹಬ್ಬು. ಅದು ಗೇರು ಪೆಟ್ಟಿಗೆಯ ದಂಡಕ್ಕೆ ಕಚ್ಚಿಕೊಂಡಿರುತ್ತದೆ. ಘರ್ಷಣ ಬಿಲ್ಲೆಗಳಿಗೆ ಹೊರ ಅಂಚಿನಲ್ಲಿ ಕಿವಿಗಳಿವೆ. ಅವು ಬುಟ್ಟಿಯ ಸೀಳುಗಳಲ್ಲಿ ಕೂರುತ್ತವೆ. ಉಕ್ಕಿನ ಬಿಲ್ಲೆಗಳಿಗೆ ಒಳ ಅಂಚಿನಲ್ಲಿ ಹಲ್ಲುಗಳಿವೆ. ಅವು ಹಬ್ಬನ್ನು ಹಿಡಿಯುತ್ತವೆ. ಒಂದು ಕುಲ ಎಂಜಿನ್ನಿನ ಕಡೆಯದು, ಇನ್ನೊಂದು ಕುಲ ಚಕ್ರದ ಕಡೆಯದು. ಇವೆಲ್ಲವನ್ನೂ ಹೊರಗಿನಿಂದ ಒಂದು ಒತ್ತುಫಲಕ ಅದುಮುತ್ತದೆ; ಆ ಫಲಕವನ್ನು ಆರು ಸ್ಪ್ರಿಂಗುಗಳು ಅದುಮುತ್ತವೆ. ಗೇರು ಪೆಟ್ಟಿಗೆಯ ಟೊಳ್ಳು ದಂಡದ ಮೂಲಕ ಎಡಮಗ್ಗುಲಿನಿಂದ ಬಂದ ಉದ್ದನೆಯ ಕಡ್ಡಿಯೊಂದು ಒತ್ತುಫಲಕದ ನಡುವಣ ಬೇರಿಂಗಿಗೆ ತಾಗುತ್ತದೆ. ನಾವು ಹಿಡಿಕೆಯನ್ನು ಹಿಡಿದಾಗ ದ್ರವದ ಒತ್ತಡದಿಂದ ಈ ಕಡ್ಡಿ ಮುಂದಕ್ಕೆ ಬಂದು ಫಲಕವನ್ನು ಒಂದೆರಡು ಮಿಲಿಮೀಟರಿನಷ್ಟು ಹೊರಕ್ಕೆ ತಳ್ಳುತ್ತದೆ. ಅಷ್ಟು ಸಾಕು, ಬಿಲ್ಲೆಗಳು ಸಡಿಲುತ್ತವೆ. ಒಣ ಕ್ಲಚ್ಚಿನ ಡುಕಾಟಿ ರಸ್ತೆಯ ದೀಪದ ಬಳಿ ನಿಂತಾಗ ಪಾತ್ರೆಯಲ್ಲಿ ನಾಣ್ಯ ಕುಲುಕಿದಂತೆ ಕೇಳುವ ಸದ್ದು ಈ ಸಡಿಲಾದ ಬಿಲ್ಲೆಗಳದು. ಅದು ರೋಗದ ಲಕ್ಷಣವಲ್ಲ.

ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು, ಗಾಡಿ ಅಲುಗದಂತೆ ನಿಂತಿರಬೇಕು. ಮುಚ್ಚಳ ತೆಗೆದು, ಆರು ಬೋಲ್ಟುಗಳನ್ನು ಸುತ್ತಿಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ಸ್ಪ್ರಿಂಗುಗಳನ್ನು ತೆಗೆಯಬೇಕು. ಬಿಲ್ಲೆಗಳನ್ನು ಒಂದೊಂದಾಗಿ ಹೊರತೆಗೆದು, ಬಂದ ಕ್ರಮದಲ್ಲಿಯೇ, ಯಾವ ಮುಖ ಹೊರಗಿತ್ತೋ ಅದೇ ಮುಖ ಮೇಲಾಗಿರುವಂತೆ, ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ಅಂಕೆ ಬರೆಯಬೇಕು. ಈಗಿನವರ ಕೈಯಲ್ಲಿ ಫೋನಿದೆ. ಪ್ರತಿ ಹಂತಕ್ಕೂ ಒಂದು ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಕ್ರಮ ತಪ್ಪಿದ ಓಲೆಗರಿಯ ಕಟ್ಟನ್ನು ಹೊಂದಿಸಲು ಪಂಡಿತರು ಪಟ್ಟ ಪಾಡು ಬಲ್ಲವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ. ಒತ್ತುಫಲಕ ಹೊರಗಿರುವಾಗ ಹ್ಯಾಂಡಲ್ಲಿನ ಕ್ಲಚ್ ಹಿಡಿಕೆಯನ್ನು ಯಾರೂ ಮುಟ್ಟಬಾರದು. ಎದುರೊತ್ತು ಇಲ್ಲದ ಕಾರಣ ಆ ಕಡೆಯ ಪಿಸ್ಟನ್ನು ತನ್ನ ಸಿಲಿಂಡರಿನಿಂದ ಹೊರಬಂದು ದ್ರವವೆಲ್ಲ ಸುರಿದುಹೋಗಬಹುದು. ಮಕ್ಕಳಿರುವ ಮನೆಯಲ್ಲಿ ಹಿಡಿಕೆಗೆ ಒಂದು ಚೀಟಿ ಕಟ್ಟುವುದು ಲೇಸು.

ಬುಟ್ಟಿಯ ತುಂಬ ಕಪ್ಪು ಪುಡಿ ಕಾಣುತ್ತದೆ. ಅದನ್ನು ಬಾಯಿಂದಾಗಲಿ ಗಾಳಿಯ ಯಂತ್ರದಿಂದಾಗಲಿ ಊದಬಾರದು. ಹಿಂದಿನ ಕಾಲದ ಘರ್ಷಣ ಬಿಲ್ಲೆಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದರೆ ಹೊರಬರುವುದಿಲ್ಲ. ಹಲವು ವರ್ಷಗಳ ಮೇಲೆ ಕ್ಯಾನ್ಸರಿಗೂ ಕಾರಣವಾಗುತ್ತವೆ. ಹಳೆಯ ಬಿಲ್ಲೆಯಲ್ಲಿ ಏನಿದೆಯೆಂದು ಕಣ್ಣಿಗೆ ತಿಳಿಯದು. ಆದುದರಿಂದ ಮೂಗುಬಾಯಿಗೆ ಧೂಳು ತಡೆಯುವ ಒಳ್ಳೆಯ ಮುಸುಕು ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಬೇಕು. ಬಯಲಲ್ಲಿ ಬರಿಮೈಯಲ್ಲಿ ಕುಳಿತು ಕ್ಲಚ್ಚಿನ ಪುಡಿಯನ್ನು ಊದಿ ಊದಿ ತೆಗೆಯುವ ಹುಡುಗರನ್ನು ನಮ್ಮ ಊರುಗಳಲ್ಲಿ ನಾವೆಲ್ಲ ನೋಡಿದ್ದೇವೆ. ಅವರಿಗೆ ಇದನ್ನು ಹೇಳುವವರಿಲ್ಲ.

ಅನಂತರ ಅಳತೆ. ಡುಕಾಟಿಯ ಹಲವು ಮಾದರಿಗಳಲ್ಲಿ ಘರ್ಷಣ ಬಿಲ್ಲೆ ಸವೆದು ೨.೮ ಮಿಲಿಮೀಟರಿಗಿಂತ ತೆಳುವಾದರೆ ಅದನ್ನು ಬದಲಿಸಬೇಕು; ವರ್ನಿಯರಿನಿಂದ ನಾಲ್ಕು ಕಡೆ ಅಳೆದು ನೋಡುವುದು ಕ್ರಮ. ಉಕ್ಕಿನ ಬಿಲ್ಲೆಯನ್ನು ದಪ್ಪ ಗಾಜಿನ ಹಲಗೆಯ ಮೇಲೆ ಇಟ್ಟು, ಅಡಿಯಲ್ಲಿ ೦.೨ ಮಿಲಿಮೀಟರಿನ ಫೀಲರ್ ಅಲಗು ತೂರಿದರೆ ಅದು ಸೊಟ್ಟಗಾಗಿದೆ ಎಂದು ತಿಳಿಯಬೇಕು. ಮೈ ನೀಲಿಗಟ್ಟಿದ್ದರೆ ಅತಿಯಾಗಿ ಕಾದಿದೆ ಎಂದರ್ಥ. ಆರು ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದರೆ ಎತ್ತರ ಸಮವಾಗಿರಬೇಕು. ಒಂದು ಕುಗ್ಗಿದ್ದರೂ ಆರನ್ನೂ ಬದಲಿಸುವುದು ವಾಸಿ. ಬುಟ್ಟಿಯ ಸೀಳುಗಳಲ್ಲಿ ಬಿಲ್ಲೆಯ ಕಿವಿಗಳು ಬಡಿದು ಬಡಿದು ಗಚ್ಚು ಮಾಡಿದ್ದರೆ ಬಿಲ್ಲೆಗಳು ಸಲೀಸಾಗಿ ಸರಿಯದೆ ಅಲ್ಲಿಯೇ ಕಚ್ಚಿಕೊಳ್ಳುತ್ತವೆ. ನಡುವಣ ದೊಡ್ಡ ನಟ್ಟಿನ ತಂಟೆಗೆ ಮನೆಯಲ್ಲಿ ಹೋಗದಿರುವುದೇ ಕ್ಷೇಮ. ಅದನ್ನು ಬಿಗಿಯಲು ಆರು ಬೋಲ್ಟುಗಳಿಗೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಬಲವೂ ಹಬ್ಬನ್ನು ಹಿಡಿದು ನಿಲ್ಲಿಸುವ ಬೇರೆಯ ಉಪಕರಣವೂ ಬೇಕು.

ಕೂಡಿಸುವ ಮೊದಲು ಉಕ್ಕಿನ ಬಿಲ್ಲೆಗಳನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ನಯವಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ ಹೊಳಪು ತೆಗೆಯಬೇಕು. ಎಣ್ಣೆ ಕುಡಿದ ಘರ್ಷಣ ಬಿಲ್ಲೆಗಳನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬೇಡ. ಬಿಸಿಯೇರಿದಾಗ ಒಳಗಿನ ಎಣ್ಣೆ ಮತ್ತೆ ಮೈಮೇಲೆ ಬರುತ್ತದೆ. ನಮ್ಮ ಹುಡುಗನ ಹೊಸ ಬಿಲ್ಲೆಗಳೆಲ್ಲ ಹೀಗೆಯೇ ಗುಜರಿ ಸೇರಿದವು. ಕೈಯೂ ಒಣಗಿರಬೇಕು. ಒತ್ತುವ ಕಡ್ಡಿಯಲ್ಲಿರುವ ರಬ್ಬರು ಬಳೆಗಳನ್ನು ಮರೆಯದೆ ನೋಡಬೇಕು. ಅವು ಸೀಳಿದ್ದರೆ ಗೇರು ಪೆಟ್ಟಿಗೆಯ ಎಣ್ಣೆ ಕಡ್ಡಿಯ ಗುಂಟ ಜಿನುಗಿ ಕ್ಲಚ್ಚಿಗೆ ಬರುತ್ತದೆ, ಹೊರಗಿನಿಂದ ಯಾರೂ ಎಣ್ಣೆ ಹಾಕಬೇಕಾಗುವುದಿಲ್ಲ.

ಬಿಲ್ಲೆಗಳನ್ನು ಜೋಡಿಸುವ ಕ್ರಮ ಮಾದರಿಯಿಂದ ಮಾದರಿಗೆ ಬೇರೆ. ಯಾವುದು ಮೊದಲು, ಯಾವುದು ಕೊನೆ ಎಂಬುದಕ್ಕೆ ಆ ಗಾಡಿಯ ಕೈಪಿಡಿಯೇ ಪ್ರಮಾಣ. ಸಾಮಾನ್ಯ ಸೂತ್ರ ಒಂದು ಉಂಟು: ಒಂದು ಉಕ್ಕಿನದು, ಒಂದು ಘರ್ಷಣೆಯದು. ಎರಡು ಘರ್ಷಣ ಬಿಲ್ಲೆಗಳು ಎಂದೂ ಅಕ್ಕಪಕ್ಕ ಬರಬಾರದು. ಎರಡು ಉಕ್ಕಿನ ಬಿಲ್ಲೆಗಳು ಒಟ್ಟಿಗೆ ಬರುವುದು ಅಪವಾದ. ಕಟ್ಟಿನ ಒಟ್ಟು ದಪ್ಪವನ್ನು ಸರಿದೂಗಿಸಲು ಕೆಲವೆಡೆ ಹಾಗೆ ಇಡುತ್ತಾರೆ. ಕೆಲವು ಕಟ್ಟುಗಳಲ್ಲಿ ಒಂದು ಉಕ್ಕಿನ ಬಿಲ್ಲೆ ಸ್ವಲ್ಪವೇ ಬೋಗುಣಿಯಂತೆ ತಗ್ಗಾಗಿರುತ್ತದೆ, ಅದರ ಮೇಲೊಂದು ಚುಕ್ಕಿ ಗುರುತಿರುತ್ತದೆ. ಕ್ಲಚ್ಚು ಧಕ್ಕನೆ ಹಿಡಿಯದೆ ಮೆಲ್ಲನೆ ಹಿಡಿಯಲೆಂದು ಮಾಡಿದ ಉಪಾಯ ಅದು. ಆ ಚುಕ್ಕಿ ಯಾವ ಕಡೆಗೆ ನೋಡಬೇಕೆಂದು ಪುಸ್ತಕ ಹೇಳುತ್ತದೋ ಆ ಕಡೆಗೇ ನೋಡಬೇಕು. ಎಲ್ಲ ಬಿಲ್ಲೆಗಳೂ ಕೂತ ಮೇಲೆ ಕಟ್ಟಿನ ದಪ್ಪವನ್ನು ಅಳೆಯಬೇಕು. ಕಟ್ಟು ತೆಳುವಾದರೆ ಸ್ಪ್ರಿಂಗುಗಳು ಹೆಚ್ಚು ಚಾಚಿಕೊಂಡು ಬಲಗುಂದುತ್ತವೆ, ಕ್ಲಚ್ಚು ಜಾರುತ್ತದೆ. ಕಟ್ಟು ದಪ್ಪವಾದರೆ ಬಿಡಬೇಕಾದಾಗ ಪೂರ್ತಿ ಬಿಡದೆ ಗಾಡಿ ತೆವಳುತ್ತದೆ.

ಒತ್ತುಫಲಕಕ್ಕೂ ಹಬ್ಬಿಗೂ ಗುರುತುಗಳಿದ್ದರೆ ಅವನ್ನು ಸರಿಹೊಂದಿಸಿ ಕೂರಿಸಬೇಕು. ಕೈಯಿಂದ ಒತ್ತಿದಾಗ ಫಲಕ ಬಿಲ್ಲೆಗಳ ಮೇಲೆ ಕೂರಬೇಕು. ಹಬ್ಬಿನ ಅಂಚಿಗೆ ತಾಗಿ ನಿಂತರೆ ಎಲ್ಲಿಯೋ ತಪ್ಪಿದೆ. ಸ್ಪ್ರಿಂಗು, ಅದರ ಟೋಪಿ, ಬೋಲ್ಟು, ಇವನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಹಿಡಿಸಬೇಕು. ಆಮೇಲೆ ಒಂದಾದ ಮೇಲೆ ಅದರ ಎದುರಿನದು, ಹೀಗೆ ಅಡ್ಡಡ್ಡಲಾಗಿ ಮೂರು ಸುತ್ತು ಬಿಗಿಯಬೇಕು. ಒಂದೇ ಕಡೆಯಿಂದ ಬಿಗಿಯುತ್ತ ಹೋದರೆ ಫಲಕ ವಾಲಿ, ಬೋಲ್ಟು ಕೂರುವ ಅಲ್ಯೂಮಿನಿಯಮ್ಮಿನ ಕಂಬ ಸೀಳುತ್ತದೆ. ಈ ಪುಟ್ಟ ಬೋಲ್ಟುಗಳಿಗೆ ಬೇಕಾದ ಬಿಗಿ ಸುಮಾರು ೫ ನ್ಯೂಟನ್ ಮೀಟರ್ ಮಾತ್ರ. ಅಂದರೆ ೧೦ ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ೫ ಕಿಲೋಗ್ರಾಂ ತೂಕ ಇಟ್ಟಷ್ಟು. ಉಕ್ಕಿನ ಬೋಲ್ಟು ಮೆದು ಲೋಹದೊಳಗೆ ಹೋಗುತ್ತದೆ. ತೋಳ್ಬಲ ತೋರಿದರೆ ಅದರ ಮರೆ ಕಿತ್ತುಬರುತ್ತದೆ. ಟಾರ್ಕ್ ರೆಂಚಿಗೆ ಕೊಟ್ಟ ಹಣ ಒಂದು ಹಬ್ಬಿನ ಬೆಲೆಗಿಂತ ಕಡಿಮೆ.

ಕೊನೆಯದು ಪರೀಕ್ಷೆ. ಎಂಜಿನ್ನು ಚಾಲೂ ಮಾಡದೆ, ಹಿಂಚಕ್ರ ನೆಲ ಬಿಟ್ಟಿರುವಂತೆ ನಿಲ್ಲಿಸಿ ಗೇರು ಹಾಕಬೇಕು. ಹಿಡಿಕೆ ಹಿಡಿದಾಗ ಚಕ್ರ ಕೈಯಿಂದ ತಿರುಗಬೇಕು, ಬಿಟ್ಟಾಗ ನಿಲ್ಲಬೇಕು. ಫಲಕ ಹೊರಬರುವಾಗ ಸುತ್ತಲೂ ಸಮವಾಗಿ ಬರುತ್ತದೆಯೇ ಎಂದು ಕಣ್ಣಿಟ್ಟು ನೋಡಬೇಕು. ಹಿಡಿಕೆ ಮೆತ್ತಗಾಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ, ಅದನ್ನು ಹೊರಹಾಕಬೇಕು. ಮೊದಲ ಸವಾರಿ ಮನೆಯ ಹತ್ತಿರದ ನಿರ್ಜನ ರಸ್ತೆಯಲ್ಲಿ ನಡೆಯಲಿ. ನಮ್ಮ ಹುಡುಗನಿಗೆ ಆದಂತೆ ಹೆದ್ದಾರಿಯೇ ಪರೀಕ್ಷೆಯ ಕೊಠಡಿಯಾಗಬಾರದು.

೧೯೭೪ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾದ ರಾಬರ್ಟ್ ಪಿರ್ಸಿಗ್ ಅವರ ‘ಜೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಬಿ.ಎಂ.ಡಬ್ಲ್ಯು. ಗಾಡಿಯ ಒಡೆಯನಾದ ಗೆಳೆಯನ ಹ್ಯಾಂಡಲ್ಲು ಸಡಿಲವಾಗುತ್ತದೆ. ಬಿಯರಿನ ಡಬ್ಬಿಯ ತಗಡನ್ನು ಕತ್ತರಿಸಿ ಸೇರಿಸಿದರೆ ಸರಿಹೋಗುತ್ತದೆಂದು ನಿರೂಪಕ ಹೇಳುತ್ತಾನೆ. ದುಬಾರಿ ಗಾಡಿಗೆ ಡಬ್ಬಿಯ ತಗಡೇ ಎಂದು ಗೆಳೆಯನಿಗೆ ಅದು ಹಿಡಿಸುವುದಿಲ್ಲ. ಯಂತ್ರದ ಮುಂದೆ ಓದಿದವರಲ್ಲಿ ಅನೇಕರ ಮನೋಧರ್ಮ ಆ ಗೆಳೆಯನದೇ. ನಮ್ಮಲ್ಲಿ ಇದರ ಬೇರು ಇನ್ನೂ ಆಳಕ್ಕಿದೆ. ಕೈ ಮಸಿಯಾಗುವ ಕೆಲಸವನ್ನು ಒಬ್ಬರಿಗೆ, ಪುಸ್ತಕವನ್ನು ಇನ್ನೊಬ್ಬರಿಗೆ ಹಂಚಿಕೊಟ್ಟ ಸಮಾಜ ನಮ್ಮದು. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಶರಣರು ಸಾರಿ ಎಂಟು ಶತಮಾನಗಳು ಕಳೆದರೂ ಆ ಹಂಚಿಕೆ ಪೂರ್ತಿ ಅಳಿದಿಲ್ಲ. ಬಿಲ್ಲೆಗೆ ಎಣ್ಣೆ ಹಚ್ಚಿದ ಕೆಲಸಗಾರನ ಕೈಯಲ್ಲಿ ವರ್ಷಗಳ ಅನುಭವವಿತ್ತು. ಎದುರಿಗಿದ್ದ ಯಂತ್ರದ ಕೈಪಿಡಿಯನ್ನು ಅವನ ಭಾಷೆಯಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ. ಅಂಥ ಪುಸ್ತಕಗಳನ್ನು ತಿಳಿಗನ್ನಡಕ್ಕೆ ತರುವುದು ನಮ್ಮಂಥ ಭಾಷೆಯ ಮೇಷ್ಟರುಗಳು ಮಾಡಬಹುದಾದ ಕೆಲಸ. ಮಾಡಿದವರು ವಿರಳ.

ಕೆಲಸ ಮುಗಿದ ಮೇಲೆ ಮಾಡಬೇಕಾದುದು ಇನ್ನೊಂದಿದೆ. ಚಿಕ್ಕದೊಂದು ಪುಸ್ತಕದಲ್ಲಿ ದಿನಾಂಕ, ಗಾಡಿ ಓಡಿದ ಕಿಲೋಮೀಟರು, ಪ್ರತಿ ಬಿಲ್ಲೆಯ ದಪ್ಪ, ಜೋಡಿಸಿದ ಕ್ರಮ, ಚುಕ್ಕಿಯಿದ್ದ ಬಿಲ್ಲೆಯ ದಿಕ್ಕು ಇವನ್ನು ಬರೆದು ಗಾಡಿಯ ಕಾಗದಪತ್ರಗಳ ಜೊತೆಗೆ ಇಡಬೇಕು. ಮುಂದೆ ಅದನ್ನು ಬಿಚ್ಚುವವರು ನಾವೇ ಆಗಿರಲಿ, ಬೇರೆ ಯಾರೇ ಆಗಿರಲಿ, ಓದಲಿಕ್ಕೆ ಅವರಿಗೆ ಏನಾದರೂ ಇರಬೇಕು.

(ಬಾನುಲಿ ಭಾಷಣ)